‘ಪಾಪ’ದ ಲೆಕ್ಕ: ದಕ್ಕೆ, ಬೀಡಿ ಮನೆ, ತಾಳಮದ್ದಳೆ ಸೇರಿಸಿ ಮಾಡಿದ ಹತ್ತು ವಾರದ ಪಾಠ

ಕಾಲೇಜು ಮಕ್ಕಳಿಗೆ ಪರಾನುಭೂತಿ, ಅಂದರೆ ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವ ಗುಣ, ಕಲಿಸಲು ಆಗುತ್ತದೋ ಇಲ್ಲವೋ ಎಂಬ ಚರ್ಚೆಗೆ ನಾನಿಲ್ಲಿ ಹೋಗುವುದಿಲ್ಲ. ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ ನಡೆಸಿದವರಿಗೆ, ಜೀವನಕೌಶಲ ತರಬೇತಿ ಕೊಟ್ಟವರಿಗೆ ಆ ವಾದ ಎರಡೂ ಕಡೆಯಿಂದ ಬಾಯಿಪಾಠ. ಮಂಗಳೂರಿನಲ್ಲಿ ಮೂರು, ಉಡುಪಿಯಲ್ಲಿ ಒಂದು, ಹೀಗೆ ನಾಲ್ಕು ತಂಡಗಳಿಗೆ ಹತ್ತು ವಾರದ ಈ ಪಾಠ ಮಾಡಿದ್ದೇವೆ: ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ), ಬೀಡಿ ಕಟ್ಟುವ ಮನೆಗಳಲ್ಲಿ ಕೆಲಸ ಕಲಿಯುವುದು, ತಾಳಮದ್ದಳೆ (ವೇಷವಿಲ್ಲದೆ ಕೂತು ಮಾತಾಡುವ ಯಕ್ಷಗಾನ), ಕೊನೆಗೆ ಸಮುದಾಯದ ಕೆಲಸ. ಮೊದಲೆರಡರಲ್ಲಿ ಕೈ ಸುಟ್ಟುಕೊಂಡೆವು, ಮೂರನೆಯದರಲ್ಲಿ ಸ್ವಲ್ಪ ಹದ ಸಿಕ್ಕಿತು, ಕಳೆದ ಸಲದ್ದು ಸರಿಯಾಗಿ ಬಂತು. ‘ಪಿಕ್‌ನಿಕ್ಕಿಗೆ ದೊಡ್ಡ ಹೆಸರಿಟ್ಟಿದ್ದಾರೆ ಮಾರಾಯ್ರೆ’ ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ ಕಾರ್ಯಪಟ್ಟಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ಲೆಕ್ಕವೆಲ್ಲ ನೆನಪಿನಿಂದ, ನೂರಿನ್ನೂರು ಆಚೀಚೆ ಉಂಟು.

ಮೊದಲು ಅಳೆಯುವುದು ಹೇಗೆ ಎಂಬುದನ್ನು ಹೇಳುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಅಲ್ಲೇ. ಮನಃಶಾಸ್ತ್ರ ವಿಭಾಗದವರ ಒತ್ತಾಯಕ್ಕೆ ಮೊದಲ ವರ್ಷ ಪರಾನುಭೂತಿ ಅಳೆಯುವ 28 ಪ್ರಶ್ನೆಗಳ ಆ ಪ್ರಸಿದ್ಧ ಡೇವಿಸ್ ಮಾಪನವನ್ನು ಕನ್ನಡಕ್ಕೆ ತಂದು ಮೊದಲೂ ಕೊನೆಗೂ ತುಂಬಿಸಿದೆವು. ಶುರುವಿನಲ್ಲೇ ಎಲ್ಲರೂ ಸಂತರು! ಯಾವ ಉತ್ತರಕ್ಕೆ ಅಂಕ ಹೆಚ್ಚು ಎಂದು ಹತ್ತೊಂಬತ್ತರ ಹುಡುಗರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಹಾಗಾಗಿ ಅದನ್ನು ಬಿಟ್ಟು ದಿನಚರಿ ಎಣಿಸಲು ಹೊರಟೆವು. ಭೇಟಿಯಿಂದ ಬಂದ ದಿನವೇ ಮಕ್ಕಳು ಒಂದೂವರೆ ಪುಟ ಬರೆಯಬೇಕು. ಅದರಲ್ಲಿ ‘ಪಾಪ’ ಎಂಬ ಪದ ಎಷ್ಟು ಸಲ ಬಂದಿದೆ ಎಂದು ನಾವು ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತೇವೆ, ಆದರೆ ಅವರಿಗೆ ತೋರಿಸುವುದಿಲ್ಲ. ‘ಪಾಪ’, ‘ಅಯ್ಯೋ’, ‘ನಾವೆಷ್ಟು ಪುಣ್ಯವಂತರು’ ಮೂರೂ ಒಂದೇ ಖಾತೆಗೆ. ಇನ್ನೊಂದು ಖಾತೆಯಲ್ಲಿ, ಎದುರಿನವರು ಹೇಳಿದ ನಿಖರ ಮಾತು, ಅಳತೆ, ಸಮಯ, ಬೆಲೆ ಎಷ್ಟು ಸಲ ಬಂತು ಎಂಬ ಲೆಕ್ಕ. ಮೊದಲ ಖಾತೆ ಇಳಿದು ಎರಡನೆಯದು ಏರಿದರೆ ಪಾಠ ಹಿಡಿದಿದೆ ಎಂದರ್ಥ. ಕಳೆದ ತಂಡದಲ್ಲಿ ಮೊದಲ ವಾರ ಒಬ್ಬೊಬ್ಬರಿಗೆ ಏಳೆಂಟು ‘ಪಾಪ’ ಇದ್ದದ್ದು ಎಂಟನೆಯ ವಾರಕ್ಕೆ ಒಂದೆರಡಕ್ಕೆ ಇಳಿಯಿತು. ಇಂಥ ಕಚ್ಚಾ ಅಳತೆಗೆ ಯಾವ ಜರ್ನಲ್ಲಿನವರೂ ಒಪ್ಪಲಿಕ್ಕಿಲ್ಲ, ಆದರೆ ಬೇರೆ ಯಾವುದೂ ನಮಗೆ ಇಷ್ಟು ಸತ್ಯ ಹೇಳಿಲ್ಲ.

ಈಗ ಹಾಳಾದ ಹಣದ ವಿಷಯ. ಮೊದಲ ವರ್ಷ ವಿಆರ್ ಹುಚ್ಚು, ಅಂದರೆ ಫೋನನ್ನು ಡಬ್ಬಿಗೆ ಹಾಕಿ ಕಣ್ಣಿಗೆ ಹಿಡಿದು ಅಲ್ಲೇ ಇದ್ದಂತೆ ನೋಡುವುದು. ರಟ್ಟಿನ ವಿಆರ್ ಡಬ್ಬಿ ಇಪ್ಪತ್ತು, 360 ಡಿಗ್ರಿ ಕ್ಯಾಮೆರಾ ಬಾಡಿಗೆ, ಎಡಿಟಿಂಗ್, ಹೆಡ್‌ಫೋನು ಎಲ್ಲ ಸೇರಿ ಮೂವತ್ತೆಂಟು ಸಾವಿರ ಹೋಯಿತು. ದಕ್ಕೆಯ ಬೆಳಗನ್ನು ಚಿತ್ರೀಕರಿಸಿ ತರಗತಿಯಲ್ಲಿ ತೋರಿಸುವ ಯೋಜನೆ. ತೊಂದರೆ ಒಂದೆರಡಲ್ಲ. ಅಗ್ಗದ ಫೋನುಗಳಲ್ಲಿ ಗೈರೋಸ್ಕೋಪ್ ಇರುವುದಿಲ್ಲ, ತಲೆ ತಿರುಗಿಸಿದರೂ ಚಿತ್ರ ತಿರುಗುವುದಿಲ್ಲ. ಇಪ್ಪತ್ತನಾಲ್ಕು ಮಕ್ಕಳಲ್ಲಿ ಒಂಬತ್ತು ಜನರದ್ದು ಅಂಥ ಫೋನು. ಇದ್ದವರದ್ದು ಏಪ್ರಿಲ್ ಸೆಕೆಗೆ ಹತ್ತು ನಿಮಿಷದಲ್ಲಿ ಕಾದು ಆಫ್. ನಾಲ್ಕು ಜನರಿಗೆ ತಲೆಸುತ್ತು. ಉಳಿದವರು ‘ಸೂಪರ್ ಸರ್’ ಎಂದರು. ಆ ಸೂಪರ್‌ನಲ್ಲೇ ಸೋಲು ಇದ್ದದ್ದು. ಮೀನಿನ ವಾಸನೆ, ಕಾಲಡಿಯ ಜಾರುವ ನೀರು, ‘ದಾರಿ ಬಿಡು’ ಎಂಬ ಗದರಿಕೆ ಯಾವುದೂ ಅದರಲ್ಲಿಲ್ಲ. ನೋಡುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ಆ ಡಬ್ಬಿಗಳಿಗೆ ಈಗ ಒಂದೇ ಉಪಯೋಗ: ಗಾಲಿಕುರ್ಚಿ ಬಳಸುವ ವಿದ್ಯಾರ್ಥಿ ತಂಡದಲ್ಲಿದ್ದರೆ, ದಕ್ಕೆಯಲ್ಲಿ ಎಲ್ಲಿ ಇಳಿಜಾರು, ಎಲ್ಲಿ ಕೇಬಲ್ ಅಡ್ಡ ಎಂದು ಮುಂಚಿತವಾಗಿ ನೋಡಿ ದಾರಿ ತೀರ್ಮಾನಿಸಲು.

ಎರಡನೆಯ ಸೋಲು ಕಣ್ಣಿಗೆ ಬಟ್ಟೆ ಕಟ್ಟುವ ಆಟ. ಇದನ್ನು ಇನ್ನೂ ಮಾಡುತ್ತಿರುವವರು ದಯವಿಟ್ಟು ನಿಲ್ಲಿಸಿ. ಬಟ್ಟೆ ಕಟ್ಟಿದ ಹುಡುಗನಿಗೆ ಆಗುವುದು ದೃಷ್ಟಿ ಹೋದ ಮೊದಲ ಐದು ನಿಮಿಷದ ಗಾಬರಿ ಮಾತ್ರ. ಇಪ್ಪತ್ತು ವರ್ಷ ಬಿಳಿಕೋಲು ಹಿಡಿದು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ ಹಿಡಿಯುವವರ ಜಾಣತನ ಅದರಲ್ಲಿ ಎಳ್ಳಷ್ಟೂ ಸಿಗುವುದಿಲ್ಲ. ಮಕ್ಕಳು ಹೊರಬಂದು ‘ಕುರುಡರಿಗೆ ಏನೂ ಮಾಡಲಿಕ್ಕೆ ಆಗುವುದಿಲ್ಲ’ ಎಂದು ಬರೆದರು. ಆ ವಾರದ ಪಾಪದ ಲೆಕ್ಕ ಎಲ್ಲಕ್ಕಿಂತ ಹೆಚ್ಚು. ನಾವು ಕಲಿಸಿದ್ದು ಕಲಿಸಬೇಕಾದ್ದರ ಉಲ್ಟಾ.

ಹಾಗಾಗಿ ತಿರುವುಮುರುವು ಮಾಡಿದೆವು. 1988ರಲ್ಲಿ ಜರ್ಮನಿಯಲ್ಲಿ ಶುರುವಾದ ಕತ್ತಲ ಕೋಣೆಯ ಪ್ರದರ್ಶನಗಳ ಮಾದರಿ ಇದು. ಅಲ್ಲಿ ಮಾರ್ಗದರ್ಶಕರು ಕಣ್ಣು ಕಾಣದವರೇ. ನಮ್ಮಲ್ಲೂ ಕೋಣೆಯ ಯಜಮಾನ ಅವರೇ, ಮಕ್ಕಳು ಅವರು ಹೇಳಿದಂತೆ ಕೇಳಬೇಕು. ಕೆಲಸ ಮೂರು: ನೋಟು ವಿಂಗಡಿಸುವುದು, ಸ್ಟೀಲ್ ಲೋಟಕ್ಕೆ ಚೆಲ್ಲದೆ ಚಹಾ ಹೊಯ್ಯುವುದು, ನಾಲ್ಕು ಬೀಗದ ಕೈಗಳಲ್ಲಿ ಸರಿಯಾದದ್ದು ಹುಡುಕಿ ಪೆಟ್ಟಿಗೆ ತೆರೆಯುವುದು. ಚಹಾ ಉಗುರುಬೆಚ್ಚಗಿರಲಿ, ಬಿಸಿ ಬೇಡ. ಅವರು ಹೊಯ್ಯುವಾಗ ಲೋಟದ ಅಂಚಿಗೆ ಬೆರಳು ಕೊಂಡಿಯಂತೆ ಮಡಿಸಿಟ್ಟು, ಸದ್ದು ಏರುವುದನ್ನು ಕೇಳಿ ನಿಲ್ಲಿಸುತ್ತಾರೆ. ಮಕ್ಕಳದ್ದು ಮೇಜಿನ ತುಂಬ ಚಹಾ.

ಕೋಣೆ ಕಟ್ಟುವಾಗ ಎಚ್ಚರ. ನಾವು ಮೊದಲು ಆರಿಸಿದ್ದು ಹಳೆಯ ಹಂಚಿನ ಮಾಡಿನ ಹಾಲ್. ಮಂಗಳೂರು ಹಂಚಿನ ಸಂದಿನಲ್ಲಿ ಬೆಳಕು ಸೋರುತ್ತದೆ ಎಂದು ಹೊರಗಿನವರು ಹೇಳಬೇಕೆ? ಹೊಳೆಯಲಿಲ್ಲ ನಮಗೆ. ಕಪ್ಪು ಟಾರ್ಪಾಲು ನಾಲ್ಕು ಸಾವಿರದ್ದು ಹಾಕಿದ ಮೇಲೂ ಸೂಜಿಮೊನೆಯಂಥ ಬೆಳಕು ಬಂತು. ಕಣ್ಣು ಹತ್ತು ನಿಮಿಷದಲ್ಲಿ ಕತ್ತಲಿಗೆ ಹೊಂದಿಕೊಂಡರೆ ಅಷ್ಟು ಸಾಕು, ಮಕ್ಕಳಿಗೆ ಮೇಜು ಕಾಣುತ್ತದೆ. ಆರ್‌ಸಿಸಿ ಕಟ್ಟಡದ ನೆಲಮಾಳಿಗೆಯೇ ಸರಿ. ಸ್ಮಾರ್ಟ್ ವಾಚು, ಸ್ವಿಚ್‌ಬೋರ್ಡಿನ ಕೆಂಪು ದೀಪ, ಸ್ಟೆಬಿಲೈಸರಿನ ಹಸಿರು ಎಲ್ಲಕ್ಕೂ ಕಪ್ಪು ಟೇಪು. ಒಳಗೆ ಆರು ಮಕ್ಕಳಿಗಿಂತ ಹೆಚ್ಚು ಬೇಡ, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ನಮ್ಮ ಸೆಕೆಗೆ ಉಸಿರು ಕಟ್ಟುತ್ತದೆ. ಬಾಗಿಲ ಬಳಿ ಟಾರ್ಚ್ ಹಿಡಿದ ಒಬ್ಬರು ಇರಲೇಬೇಕು.

ಇದರಲ್ಲಿ ಸಿಕ್ಕಿದ ಸೂತ್ರವೇ ಉಳಿದದ್ದಕ್ಕೆಲ್ಲ ಬುನಾದಿ: ಮಕ್ಕಳು ಸಹಾಯ ಮಾಡುವವರಾಗಿ ಹೋಗಬಾರದು, ಕೆಲಸ ಬಾರದ ಶಿಷ್ಯರಾಗಿ ಹೋಗಬೇಕು. ಅವರ ಕೆಲಸವನ್ನು ಹೋದ ಮನೆಯವರು ತಮ್ಮ ಅಳತೆಯಲ್ಲಿ ಅಳೆದು ಬಿಸಾಡಬೇಕು.

ಅದಕ್ಕೆ ಬೀಡಿ ಮನೆಯಷ್ಟು ಒಳ್ಳೆಯ ಶಾಲೆ ದಕ್ಷಿಣ ಕನ್ನಡದಲ್ಲಿ ಇನ್ನೊಂದಿಲ್ಲ. ಮೂರು ಮಕ್ಕಳಿಗೆ ಒಂದು ಮನೆ, ಬೆಳಿಗ್ಗೆ ಒಂಬತ್ತರಿಂದ ಒಂದು, ವಾರಕ್ಕೊಮ್ಮೆ, ಅದೇ ಮನೆಗೆ ನಾಲ್ಕು ವಾರ. ಎಲೆ ಹಿಂದಿನ ರಾತ್ರಿಯೇ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾರೆ. ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸುವುದು ಮಾತ್ರ ಮಕ್ಕಳ ಕೆಲಸ. ಹೊಗೆಸೊಪ್ಪು ಮುಟ್ಟಿಸಬೇಡಿ. ಹದಿನಾಲ್ಕು ತುಂಬದವರಿಗೆ ಬೀಡಿ ಕೆಲಸ ಕಾನೂನಿನಲ್ಲೂ ಸಲ್ಲದು. ದೊಡ್ಡವರಿಗೂ ನಿಕೋಟಿನ್ ಚರ್ಮದ ಮೂಲಕ ಇಳಿದು ವಾಕರಿಕೆ ಬರಿಸುತ್ತದೆ. ಸುತ್ತುವುದನ್ನು ಕಲಿಯಲೇಬೇಕೆಂದು ಹಟ ಹಿಡಿದರೆ ಮರದ ಹುಡಿ ತುಂಬಿಸಿ ಕಲಿಸಿ. ಮಕ್ಕಳ ತಪ್ಪು ಎಲ್ಲ ಸಲವೂ ಎರಡೇ: ದಪ್ಪ ನರ ತುಂಡಿನಲ್ಲೇ ಉಳಿಯುವಂತೆ ಕತ್ತರಿಸುವುದರಿಂದ ಸುರುಳಿ ಸೀಳುತ್ತದೆ, ಒಂದೆಲೆಯಲ್ಲಿ ಎರಡು ತುಂಡು ಬರುವಲ್ಲಿ ಒಂದೇ ತೆಗೆದು ಎಲೆ ಹಾಳುಮಾಡುತ್ತಾರೆ. ಕಂಟ್ರಾಕ್ಟರು ಎಲೆ ತೂಕ ಮಾಡಿ ಕೊಟ್ಟಿರುತ್ತಾರೆ, ಇಷ್ಟಕ್ಕೆ ಸಾವಿರ ಬೀಡಿ ಬರಬೇಕು ಎಂಬ ಲೆಕ್ಕ. ಹಾಳಾದ ಎಲೆ ಬೀಡಿ ಕಟ್ಟುವ ಅಕ್ಕನ ತಲೆಗೆ. ಈ ಒಂದು ವಿಷಯ ಕೈಯಿಂದ ತಿಳಿದ ದಿನವೇ ದಿನಚರಿಯ ಭಾಷೆ ಬದಲಾಗುತ್ತದೆ. ‘ಪಾಪ ಅಕ್ಕ’ ಹೋಗಿ ‘ನನ್ನಿಂದ ಹನ್ನೊಂದು ಎಲೆ ಹೋಯಿತು’ ಬರುತ್ತದೆ.

ಮೊದಲ ವರ್ಷ ಮನೆಯವರಿಗೆ ನಾವು ಏನೂ ಕೊಡಲಿಲ್ಲ, ಹಣ್ಣಿನ ಬುಟ್ಟಿಯೊಂದು ಬಿಟ್ಟರೆ. ದೊಡ್ಡ ತಪ್ಪು. ಮಕ್ಕಳಿಗೆ ಹೇಳಿಕೊಡುತ್ತಾ ಕೂತರೆ ಆ ದಿನ ಮುನ್ನೂರು ಬೀಡಿ ಕಮ್ಮಿ. ಎರಡನೇ ವಾರಕ್ಕೆ ಮೂರು ಮನೆಯವರು ‘ನೆಂಟರು ಬರ್ತಾರೆ’ ಎಂದು ಬಾಗಿಲು ಹಾಕಿದರು. ಈಗ ಅರ್ಧ ದಿನದ ಸಂಪಾದನೆಗೆ ಸ್ವಲ್ಪ ಮೇಲೆಯೇ, ಹಾಳಾಗುವ ಎಲೆಗೆ ಐವತ್ತು ರೂಪಾಯಿ ಸೇರಿಸಿ, ಶುರುವಾಗುವ ಮುನ್ನಾದಿನ ಕವರಿನಲ್ಲಿ ಕೊಡುತ್ತೇವೆ. ಕೊಡುವುದು ನಾವು, ಮಕ್ಕಳ ಕೈಯಲ್ಲಿ ಅಲ್ಲ. ಮಕ್ಕಳ ಕೈಯಿಂದ ಕೊಡಿಸಿದರೆ ಗುರು-ಶಿಷ್ಯ ಸಂಬಂಧ ಅಲ್ಲೇ ಮುಗಿಯಿತು, ಮಕ್ಕಳು ದಾನಿಗಳಾಗುತ್ತಾರೆ.

ಫೋನು ಬಾಗಿಲಲ್ಲೇ ಬಟ್ಟೆ ಚೀಲಕ್ಕೆ. ಎರಡನೇ ತಂಡದಲ್ಲಿ ಒಂದು ಸೆಲ್ಫಿ ಇನ್‌ಸ್ಟಾಗ್ರಾಂಗೆ ಹೋಗಿ, ಹಿಂದೆ ಒಣಹಾಕಿದ ಬಟ್ಟೆ ಕಂಡು, ಆ ಮನೆಯವರು ನೊಂದುಕೊಂಡರು. ಆ ಕೇರಿಗೇ ನಮಗೆ ಒಂದು ವರ್ಷ ಪ್ರವೇಶ ಇರಲಿಲ್ಲ.

ನಮ್ಮ ಊರಿನ ಇನ್ನೊಂದು ಸತ್ಯವನ್ನೂ ಹೇಳಲೇಬೇಕು. ಯಾವ ಮನೆ, ಯಾವ ಜಾತಿ, ಯಾವ ಧರ್ಮ ಎಂದು ಪೋಷಕರು ಕೇಳಿಯೇ ಕೇಳುತ್ತಾರೆ. ಪೋಷಕರ ಸಭೆ ಕರೆದು ಭಾಷಣ ಮಾಡಿದ್ದು ಕೆಲಸ ಮಾಡಲಿಲ್ಲ, ಇಲ್ಲದ ಅನುಮಾನ ಹುಟ್ಟಿಸಿತು. ಈಗ ಒಂದು ಪುಟದ ಪತ್ರ: ದಿನ, ಸಮಯ, ಹೋಗಿಬರುವ ಬಸ್ಸಿನ ನಂಬರು, ಜೊತೆಗಿರುವ ಅಧ್ಯಾಪಕರ ಫೋನು. ಅಷ್ಟೇ. ಮೂವರ ಗುಂಪಿನಲ್ಲಿ ಒಬ್ಬರಾದರೂ ಬೇರೆ ಹಿನ್ನೆಲೆಯವರಿರುವಂತೆ ಜೋಡಿಸುತ್ತೇವೆ. ಹೇಗೆ ಜೋಡಿಸುತ್ತೇವೆ ಎಂಬುದು ನಮ್ಮಲ್ಲೇ ಇರಲಿ, ಮುಂದಿನ ತಂಡದವರೂ ಇದನ್ನು ಓದುತ್ತಾರೆ. ಊಟದ ಡಬ್ಬಿ ತರಬಹುದು, ಆದರೆ ಕೊಟ್ಟ ನೀರು, ಚಹಾ ಕುಡಿಯಲೇಬೇಕು ಎಂಬ ನಿಯಮ ಮೊದಲೇ ಹೇಳಿ, ಒಪ್ಪದವರನ್ನು ಸೇರಿಸಿಕೊಳ್ಳುವುದಿಲ್ಲ. ರಂಜಾನ್ ತಿಂಗಳಲ್ಲಿ ಉಪವಾಸದ ಮನೆಗೆ ಹೋಗಿ ಚಹಾಕ್ಕೆ ಕಾಯುವ ಪೆದ್ದುತನ ಒಮ್ಮೆ ಮಾಡಿದ್ದೇವೆ, ನೀವು ಮಾಡಬೇಡಿ.

ದಕ್ಕೆಗೆ ಹೋಗುವವರು ಬೆಳಿಗ್ಗೆ ನಾಲ್ಕೂವರೆಗೆ ಅಲ್ಲಿರಬೇಕು. ಆರಕ್ಕೆ ಹೋದರೆ ಏಲಂ ಮುಗಿದು ಖಾಲಿ ಬುಟ್ಟಿ ಕಾಣುತ್ತದೆ. ರಬ್ಬರ್ ಚಪ್ಪಲಿ ಜಾರುತ್ತದೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಆಗಬೇಕು. ಮೀನು ಮಾರುವ ಅಕ್ಕಂದಿರ ಜೊತೆ ಐಸ್ ಹುಡಿ ಮಾಡುವುದು, ಬುಟ್ಟಿ ಎತ್ತಿಕೊಡುವುದು, ಆಮೇಲೆ ಮಾರುಕಟ್ಟೆಯಲ್ಲಿ ಬೂತಾಯಿ ಶುಚಿ ಮಾಡುವುದು. ಬಂಗುಡೆ ‘ನೂರಕ್ಕೆ ಎಷ್ಟು’ ಎಂದು ಗಿರಾಕಿ ಕೇಳಿದಾಗ, ಬೆಳಗಿನ ಏಲಂ ದರಕ್ಕೆ ಐಸು, ಬಸ್ಸು, ಜಾಗದ ಸುಂಕ ಸೇರಿಸಿ ಆರು ಕೊಡಬಹುದೋ ಏಳೋ ಎಂದು ಮನಸ್ಸಲ್ಲೇ ಲೆಕ್ಕ ಹಾಕಬೇಕು. ಬಿಕಾಂ ಮಕ್ಕಳು ಇಲ್ಲಿ ಸೋಲುವುದು ನೋಡುವಂತಿರುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ದಕ್ಕೆ ಖಾಲಿ. ಹೊಸ ಶೈಕ್ಷಣಿಕ ವರ್ಷದ ಹುರುಪಿನಲ್ಲಿ ಜೂನಿಗೆ ಯೋಜನೆ ಹಾಕಿ ಕೂತುಬಿಟ್ಟಿದ್ದೆವು. ಆ ಎರಡು ತಿಂಗಳಿಗೆ ಬಲೆ ರಿಪೇರಿ ಮತ್ತು ಒಣಮೀನು.

ಮೀನು ಮುಟ್ಟದ ಮಕ್ಕಳನ್ನು ಒತ್ತಾಯಿಸಿ ಉಪಯೋಗವಿಲ್ಲ. ಉಡುಪಿ ತಂಡದಲ್ಲಿ ಅಂಥವರನ್ನು ಶಂಕರಪುರದ ಮಲ್ಲಿಗೆ ಕಟ್ಟುವ ಮನೆಗಳಿಗೆ ಕಳಿಸಿದೆವು, ಅದು ಬೀಡಿಯಷ್ಟೇ ಕಟ್ಟುನಿಟ್ಟಿನ ಶಾಲೆ. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒದ್ದೆ ಬಾಳೆನಾರಿನಲ್ಲಿ ಕಟ್ಟಬೇಕು, ಬಿಗಿ ಹೆಚ್ಚಾದರೆ ತೊಟ್ಟು ಕಡಿಯುತ್ತದೆ, ಸಡಿಲವಾದರೆ ಉದುರುತ್ತದೆ. ಹೂ ತೆಗೆದುಕೊಂಡು ಹೋಗುವವರು ಕಾಯುವುದಿಲ್ಲ. ಮಕ್ಕಳು ಮೂರು ಗಂಟೆಯಲ್ಲಿ ಕಟ್ಟಿದ್ದನ್ನು ಆ ಮನೆಯ ಅಜ್ಜಿ ಬಿಚ್ಚಿ ಪುನಃ ಕಟ್ಟಿದರು, ಒಂದು ಮಾತೂ ಆಡದೆ. ಬೈಗುಳಕ್ಕಿಂತ ಅದು ಚೆನ್ನಾಗಿ ತಾಗಿತು.

ಐದನೇ ವಾರದಿಂದ ತಾಳಮದ್ದಳೆ. ನಮ್ಮ ಪದ್ಧತಿಯಲ್ಲಿ ಹೆಮ್ಮೆಪಡುವಂಥದ್ದು ಇದ್ದರೆ ಇದೇ. ಬೀದಿನಾಟಕ, ವೇದಿಕೆಗೆ ಪ್ರೇಕ್ಷಕರೇ ಹತ್ತಿ ದೃಶ್ಯ ಬದಲಿಸುವ ಫೋರಂ ರಂಗಭೂಮಿ ಎಲ್ಲ ಮಾಡಿ ನೋಡಿದೆವು. ಮಕ್ಕಳು ಅಭಿನಯದಲ್ಲಿ ಕಳೆದುಹೋದರು. ವೇಷವಿಲ್ಲದೆ ಕೂತಲ್ಲೇ ಪಾತ್ರದ ಪರ ವಾದಿಸುವ ಕಲೆ ನಮ್ಮ ಅಂಗಳದಲ್ಲೇ ಇರುವಾಗ ಬೇರೆ ಏಕೆ? ಮೊದಲ ದಿನ ಪುರಾಣ: ಬಾಣ ತಾಗಿ ಬಿದ್ದ ವಾಲಿ ಮತ್ತು ರಾಮ, ಅಥವಾ ಅಂಬೆ ಮತ್ತು ಭೀಷ್ಮ. ಒಬ್ಬರಿಗೆ ಎಂಟು ನಿಮಿಷ. ನಿಯಮ ಒಂದೇ, ಎದುರಾಳಿಯ ಪೂರ್ವಪಕ್ಷವನ್ನು, ಅಂದರೆ ಅವನ ವಾದವನ್ನು, ಅವನಿಗೆ ಒಪ್ಪಿಗೆಯಾಗುವಂತೆ ಹೇಳಿದ ಮೇಲೆಯೇ ಉತ್ತರ. ಅವನು ‘ಹೌದು, ನಾನು ಹೇಳಿದ್ದು ಅದನ್ನೇ’ ಎನ್ನುವ ತನಕ ಭಾಗವತರು (ಪದ ಹಾಡಿ ಪ್ರಸಂಗ ನಡೆಸುವವರು) ಮುಂದೆ ಹೋಗಲು ಬಿಡುವುದಿಲ್ಲ. ಮದ್ದಳೆಯ ಒಂದು ಪೆಟ್ಟು ಅಂದರೆ ಪುನಃ ಹೇಳು. ಇಬ್ಬರ ಸರದಿಯೂ ಮುಗಿದ ಮೇಲೆ ಸ್ಥಾನ ಬದಲು, ವಾಲಿ ರಾಮನಾಗಬೇಕು.

ಮರುದಿನ ಪಾತ್ರಗಳು ಊರಿನವು: ಬುಟ್ಟಿ ಹತ್ತಿಸಲು ಒಪ್ಪದ ಬಸ್ ಕಂಡಕ್ಟರ್ ಮತ್ತು ಮೀನಿನ ಅಕ್ಕ, ಬೀಡಿ ತಿರಸ್ಕರಿಸಿದ ಕಂಟ್ರಾಕ್ಟರ್ ಮತ್ತು ಕಟ್ಟಿದವಳು, ಬಾಡಿಗೆಗೆ ಕೋಣೆ ಕೊಡದ ಮನೆಯೊಡತಿ ಮತ್ತು ಘಟ್ಟದ ಮೇಲಿಂದ ಕೆಲಸಕ್ಕೆ ಬಂದ ಕುಟುಂಬ. ತುಳು, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡ ಯಾವುದೂ ಆಗಬಹುದು. ಕಂಡಕ್ಟರಿನ ಪಾತ್ರ ಮಾಡುವವನು ಹಿಂದಿನ ವಾರ ನಿಜವಾದ ಕಂಡಕ್ಟರೊಬ್ಬರನ್ನು ಮಾತಾಡಿಸಿರಬೇಕು; ಇಲ್ಲದಿದ್ದರೆ ಖಳನಾಯಕನೊಬ್ಬ ಹುಟ್ಟುತ್ತಾನೆ ಅಷ್ಟೇ. ಟೈಮ್ ತಪ್ಪಿದರೆ ಹಿಂದಿನ ಬಸ್ಸಿನವನೊಂದಿಗೆ ಜಗಳ, ಮೀನಿನ ನೀರು ಬಟ್ಟೆಗೆ ತಾಗಿದ ಪ್ರಯಾಣಿಕರ ಬೈಗುಳ, ಮಾಲಕರಿಗೆ ಕೊಡಬೇಕಾದ ಕಲೆಕ್ಷನ್ ಎಲ್ಲ ಹೀಗೆಯೇ ಹೊರಬಂದದ್ದು.

ಇಲ್ಲೂ ಒಂದು ಹೊಂಡ ಉಂಟು. ಯಕ್ಷಗಾನದ ಮನೆಯ ಮಕ್ಕಳು ಮಾತಿನ ಮಲ್ಲರು, ಪ್ರಾಸ ಹಾಕಿ ಚಪ್ಪಾಳೆ ಗಿಟ್ಟಿಸಿ ಎದುರಿನವನನ್ನು ಮಣ್ಣು ಮುಕ್ಕಿಸುತ್ತಾರೆ. ಚಪ್ಪಾಳೆ ನಿಷೇಧಿಸಿದೆವು. ಅವರಿಗೆ ಯಾವಾಗಲೂ ಮಾತು ಕಮ್ಮಿಯಿರುವ ಪಾತ್ರ ಕೊಡುತ್ತೇವೆ.

ಕೊನೆಯ ನಾಲ್ಕು ವಾರ ಸಮುದಾಯದ ಕೆಲಸ. ಕಿಟ್ ಹಂಚಿಕೆ, ಬೀಚ್ ಸ್ವಚ್ಛತೆ, ದಕ್ಕೆಯಲ್ಲಿ ಸ್ವಚ್ಛತೆಯ ಬೀದಿನಾಟಕ ಮೂರೂ ಮಾಡಿ ಮುಗಿದಿದೆ. ನಾಟಕಕ್ಕೆ ಅಕ್ಕಂದಿರು ‘ಮೊದಲು ಇಲ್ಲಿ ನೀರಿನ ನಲ್ಲಿ ಹಾಕಿಸಿ’ ಎಂದು ನಕ್ಕರು. ಈಗ ಮೂರು ಷರತ್ತು: ಕೆಲಸ ಮನೆಯವರೇ ಕೇಳಿದ್ದಾಗಿರಬೇಕು, ಖರ್ಚು ಮೂರು ಸಾವಿರ ದಾಟಬಾರದು, ಮುಗಿದ ಮೇಲೆ ಅದನ್ನು ನೋಡಿಕೊಳ್ಳುವ ಒಬ್ಬರ ಹೆಸರು ಮೊದಲೇ ಗೊತ್ತಿರಬೇಕು.

ಚೆನ್ನಾಗಿ ಬಂದದ್ದು ರ‍್ಯಾಂಪ್ ಅಳತೆ. ಒಂದು ಕಚೇರಿಗೆ ಮೂರು ಮೆಟ್ಟಿಲು, ಎತ್ತರ 45 ಸೆಂಟಿಮೀಟರ್. ನಿಯಮದ ಇಳಿಜಾರು 1:12, ಅಂದರೆ ರ‍್ಯಾಂಪಿನ ಉದ್ದ 5.4 ಮೀಟರ್ ಬೇಕು. ಇದ್ದದ್ದು ಎರಡೇ ಮೀಟರ್. ರ‍್ಯಾಂಪ್ ಉಂಟು ಎಂದು ಕಾಗದದಲ್ಲಿ ಟಿಕ್ ಬಿದ್ದಿದೆ, ಗಾಲಿಕುರ್ಚಿ ಹತ್ತುವುದಿಲ್ಲ, ಇಳಿದರೆ ಸೀದಾ ರಸ್ತೆಗೆ. ಮೇಸ್ತ್ರಿಗಳ ನೀರಿನ ಟ್ಯೂಬ್ ಮತ್ತು ಟೇಪಿನಲ್ಲಿ ಅಳೆದರೆ ಸಾಕು, ಫೋನಿನ ಲೆವೆಲ್ ಆ್ಯಪ್ ನಂಬಬೇಡಿ. ಅಂಗಳದಲ್ಲಿ ಅಷ್ಟು ಉದ್ದ ಇರಲಿಲ್ಲ, ಎಲ್ ಆಕಾರದಲ್ಲಿ ತಿರುಗಿಸಿ, ನಡುವೆ ಒಂದೂವರೆ ಮೀಟರ್ ಸಮತಟ್ಟು ಬಿಟ್ಟು ಮಕ್ಕಳು ನಕ್ಷೆ ಮಾಡಿದರು. ಕೆಂಪುಕಲ್ಲು, ಸಿಮೆಂಟ್ ಖರ್ಚು ನಮ್ಮದಲ್ಲ. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗೆಂದು ಮೀಸಲಿಡಬೇಕಾದ ಶೇಕಡಾ 5ರ ನಿಧಿಯಿಂದ ಮಾಡಿ ಎಂದು ಅರ್ಜಿ. ಗಾಲಿಕುರ್ಚಿಯಲ್ಲಿ ಬರುವ ಅಣ್ಣ ಮುಂದೆ, ಮಕ್ಕಳು ಹಿಂದೆ. ಮೊದಲ ಅರ್ಜಿ ಕಳೆದುಹೋಯಿತು ಎಂದರು. ಎರಡನೆಯದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡದ್ದರಿಂದ ಅದು ಕಳೆಯಲಿಲ್ಲ. ಐದು ತಿಂಗಳು ಹಿಡಿಯಿತು, ಪಾಠ ಮುಗಿದು ಬಹಳ ದಿನವಾಗಿತ್ತು, ಆದರೂ ಮೂವರು ವಿದ್ಯಾರ್ಥಿಗಳು ಪ್ರತಿ ಹದಿನೈದು ದಿನಕ್ಕೆ ಅಲ್ಲಿಗೆ ಹೋಗುತ್ತಿದ್ದರು. ನಾವು ಹೇಳಿದ್ದಲ್ಲ.

ಪಿಂಚಣಿ ಅರ್ಜಿ, ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡಿನ ಕೆಲಸವನ್ನೂ ಕೇಳುತ್ತಾರೆ. ಸುಲಭ ಅಂದುಕೊಂಡು ಇಳಿಯಬೇಡಿ. ಆಧಾರಿನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನಿಶಿಯಲ್ ಬೇರೆ, ಬ್ಯಾಂಕಿನಲ್ಲಿ ಬರೀ ಗೋತ್ರದ ಹೆಸರು. ಮೊದಲ ದಿನವೇ ಮೂರನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ನಾವು ತುಂಬಿಸಿದ ಹದಿನಾಲ್ಕರಲ್ಲಿ ಆರು ಇದರಿಂದಲೇ ವಾಪಸ್ ಬಂದವು.

ನಡುವೆ ಮಾಡಿದ ಒಂದು ಅಡ್ಡ ಪ್ರಯೋಗ: ಕೆನಡಾದಲ್ಲಿ 1996ರಿಂದ ಶಾಲೆಗೆ ಹಸುಗೂಸನ್ನು ಕರೆತಂದು ಮಕ್ಕಳಿಗೆ ಅದರ ಭಾವ ಓದಲು ಕಲಿಸುವ ಕಾರ್ಯಕ್ರಮ ಉಂಟಲ್ಲ, ಅದನ್ನು ನೋಡಿ ಒಬ್ಬ ಸಹೋದ್ಯೋಗಿಯ ಐದು ತಿಂಗಳ ಮಗುವನ್ನು ಮೂರು ಸಲ ತರಗತಿಗೆ ತಂದೆವು. ಹಸಿರು ಚಾಪೆ, ಸುತ್ತ ಹುಡುಗರು. ಪ್ರೌಢಶಾಲೆಯವರಿಗೆ ಚೆನ್ನ, ಡಿಗ್ರಿಯವರು ಮೊದಲು ನಾಚಿದರು, ಮೂರನೇ ಸಲ ಮಗು ಅತ್ತಾಗ ಹಸಿವೋ ನಿದ್ದೆಯೋ ಎಂದು ಜಗಳ ಮಾಡಿದರು. ಮುಂದುವರಿಸಬೇಕೆಂದಿದ್ದೆ, ಮಗುವಿನ ಅಜ್ಜಿ ದೃಷ್ಟಿಯಾಗುತ್ತದೆ ಎಂದು ಬಿಡಲಿಲ್ಲ.

ಕಳೆದ ಸಲದ ಒಟ್ಟು ಖರ್ಚು ಇಪ್ಪತ್ತನಾಲ್ಕು ಮಕ್ಕಳಿಗೆ ನಲವತ್ತೊಂದು ಸಾವಿರದ ಹತ್ತಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯವರ ಗೌರವಧನ; ಉಳಿದದ್ದು ಕತ್ತಲ ಕೋಣೆಯ ಮಾರ್ಗದರ್ಶಕರಿಗೆ ದಿನಕ್ಕೆ ಸಾವಿರದಂತೆ ನಾಲ್ಕು ದಿನ, ಬಸ್ಸು, ಟಾರ್ಪಾಲು, ಸಮುದಾಯದ ಕೆಲಸ. ಗೋಳಿಬಜೆ, ಚಹಾಕ್ಕೆ ಎರಡು ಸಾವಿರ. ಪ್ರಾಯೋಜಕರೊಬ್ಬರು ಬ್ಯಾನರ್ ಕೇಳಿದರು. ಬೀಡಿ ಮನೆಯ ಬಾಗಿಲಿಗೆ ಬ್ಯಾನರ್ ಕಟ್ಟಲಾಗುತ್ತದೆಯೇ? ಬೇಡವೆಂದು ಹಳೆ ವಿದ್ಯಾರ್ಥಿಗಳಿಂದ ಎತ್ತಿದೆವು.

ಹತ್ತನೇ ವಾರ ಅಂಕ ಕೊಡುವುದು ಮನೆಯವರೇ, ಹತ್ತಕ್ಕೆ. ಅದರ ಜೊತೆ ಮಕ್ಕಳಿಗೆ ನಾವು ಕೇಳುವ ಒಂದು ಪ್ರಶ್ನೆ ಇದೆ, ಮೊದಲೇ ತಿಳಿದರೆ ಉತ್ತರ ಕೆಡುವುದರಿಂದ ಬರೆಯುವುದಿಲ್ಲ. ಎದುರು ಸಿಕ್ಕಿದರೆ ಹೇಳುತ್ತೇನೆ. ತೊಕ್ಕೊಟ್ಟು ಕಡೆಯ ಅಕ್ಕನೊಬ್ಬರು ಕಳೆದ ಸಲ ಮೂವರಿಗೂ ಆರು ಕೊಟ್ಟು, ‘ಬರುವ ವರ್ಷ ಬೇರೆಯವರನ್ನು ಕಳಿಸುವುದಾದರೆ ಕತ್ತರಿ ಸಾಣೆ ಹಿಡಿಸಿ ಕಳಿಸಿ, ನಿಮ್ಮ ಕಾಲೇಜಿನ ಕತ್ತರಿಯಲ್ಲಿ ಎಲೆ ಹರಿಯುತ್ತದೆ’ ಎಂದರು. ಎಂಟು ಕತ್ತರಿ ಸಾಣೆಗೆ ಕೊಟ್ಟಾಗಿದೆ.